ಗ್ರನಾಡಾಕ್ಕೆ ಎಷ್ಟು ರಾತ್ರಿ?

ಒಂದು ಊರಿಗೆ ನಮ್ಮ ಮೇಲೆ ಬೇಸರವಾಗಬಹುದೇ? ಊರಿನವರಿಗಲ್ಲ, ಊರಿಗೇ.

ಅಶ್ರಫಾಕನ ಪ್ರಕಾರ ಆಗಬಹುದು. ಎರಡು ತಿಂಗಳ ಹಿಂದೆ ಕತಾರಿನ ಮೆಸಯೀದಿನಲ್ಲಿ, ನಮ್ಮ ಕಂಪೆನಿ ಕ್ಯಾಂಟೀನಿನಲ್ಲಿ ಕರಕ್ ಚಹಾದ ಕಾಗದದ ಕಪ್ಪನ್ನು ತಿರುಗಿಸುತ್ತ ತೀರಾ ಗಂಭೀರವಾಗಿ ಹೇಳಿದರು: "ಕೊರ್ಡೋಬಾವನ್ನು ಹಾಗೆ ಬಿಡ್ಲಿಕ್ಕಾಗುದಿಲ್ಲ ಮಾರಾಯ. ಅಷ್ಟು ಹತ್ತಿರ ಹೋಗಿ ಒಂದು ರಾತ್ರಿಯಾದ್ರೂ ನಿಲ್ಲದಿದ್ರೆ ಹೇಗೆ?"

ಯಾಕೆ, ಸ್ಪೇನಿನ ಕೊರ್ಡೋಬಾದಲ್ಲಿ ನಿಮ್ಮ ಚಿಕ್ಕಮ್ಮ ಇದ್ದಾರಾ ಎಂದು ಕೇಳಿದೆ. ಅವರು ನಗಲಿಲ್ಲ. (ನನ್ನ ಜೋಕಿಗೆ ನಗದವರ ಸಂಘ ದೊಡ್ಡದು. ನಿಮ್ಮಲ್ಲಿ ಹಲವರು ಅದರ ಆಜೀವ ಸದಸ್ಯರು.)

ಅಶ್ರಫಾಕ ಬಂಟ್ವಾಳ ಕಡೆಯ ಬ್ಯಾರಿ. ನಮ್ಮ ಪ್ಲಾಂಟಿನಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ನಾನು ಚಡ್ಡಿ ಹಾಕಿಕೊಂಡು ಬಾಲವಾಡಿಗೆ ಹೋಗುತ್ತಿದ್ದ ಕಾಲದಲ್ಲೇ ಕತಾರಿಗೆ ಬಂದವರು. ಅಷ್ಟೂ ವರ್ಷ ಅವರ ಹೆಂಡತಿ ಸಫಿಯಕ್ಕ ಊರಲ್ಲೇ ಇದ್ದರು, ಮಕ್ಕಳ ಶಾಲೆ ಕಾಲೇಜು ನೋಡಿಕೊಂಡು. ಮಗಳ ಮದುವೆಯಾಯಿತು, ಮಗ ಹಾಸ್ಟೆಲ್ ಸೇರಿದ. ಹೋದ ವರ್ಷ ಅಶ್ರಫಾಕ ಹೆಂಡತಿಯನ್ನು ಮೆಸಯೀದಿನ ಕಂಪೆನಿ ಫ್ಲ್ಯಾಟಿಗೆ ಕರೆಸಿಕೊಂಡರು. ತಲೆಕೂದಲು ಅರ್ಧ ಬೆಳ್ಳಗಾದ ಮೇಲೆ ಸಂಸಾರ ಶುರು.

ಆ ಸಂಸಾರದ ಮೊದಲ ಪ್ರವಾಸವೇ ದಕ್ಷಿಣ ಸ್ಪೇನ್. ಸಿಕ್ಕುವ ರಜೆ ಏಳು ರಾತ್ರಿಗಳದ್ದು. ಆಮೇಲೆ ಯಂತ್ರ ನಿಲ್ಲಿಸಿ ಹಗಲಿರುಳು ರಿಪೇರಿ ಮಾಡುವ ಪ್ಲಾಂಟ್ ಶಟ್‌ಡೌನ್. ಅದು ಮುಗಿಯುವವರೆಗೆ ಯಾರೂ ರಜೆಯ ಹೆಸರೆತ್ತುವ ಹಾಗಿಲ್ಲ.

ಈ ರಾತ್ರಿಗಳನ್ನು ಊರುಗಳಿಗೆ ಹಂಚುವ ಕೆಲಸ ನನಗೆ ಯಾಕೆ ಬಂತು? ಯಾಕೆಂದರೆ ನಾನು ಪ್ಲಾಂಟಿನ ಶಿಫ್ಟ್ ರೋಸ್ಟರ್ ಮಾಡುವವನು. ಯಾರಿಗೆ ಹಗಲು ಡ್ಯೂಟಿ, ಯಾರಿಗೆ ರಾತ್ರಿ ಡ್ಯೂಟಿ, ಯಾರಿಗೆ ಆಫ್ ಎಂದು ಕಂಪ್ಯೂಟರಿನಲ್ಲಿ ಬಣ್ಣ ತುಂಬುವುದೇ ನನ್ನ ಹೊಟ್ಟೆಪಾಡು. ಪರರ ರಾತ್ರಿಗಳ ಮೇಲೆ ಇಷ್ಟೊಂದು ಅಧಿಕಾರ ಇರುವವನು ಮೆಸಯೀದಿನಲ್ಲಿ ಇನ್ನೊಬ್ಬನಿಲ್ಲ. ಇಷ್ಟೊಂದು ಬೈಗುಳ ತಿನ್ನುವವನೂ ಇಲ್ಲ. ಹಾಗಾಗಿ ಅಶ್ರಫಾಕ ಹೇಳಿದರು: ನೀನೇ ಒಂದು ರೋಸ್ಟರ್ ಮಾಡಿಕೊಡು, ಸ್ಪೇನಿಂದು.

ಮಾಡಲು ಕುಳಿತೆ. ಅವರು ಬೇಡಿಕೆ ಇಟ್ಟರು. ಈಜಿಪ್ಟಿನವರಾದ ಮಿಸ್ರಿ ಸೂಪರ್‌ವೈಸರ್ ಕೊರ್ಡೋಬಾದ ಮಸೀದಿ ನೋಡದೆ ಬರಬೇಡ ಎಂದಿದ್ದಾರೆ, ಆದ್ದರಿಂದ ಕೊರ್ಡೋಬಾಕ್ಕೆ ಒಂದು. ಬಸ್ ಡ್ರೈವರ್ ಹೈದರಾಬಾದಿನ ಭಾಯಿ ಸೆವಿಯಾದ ಹೆಸರು ಹೇಳಿದ್ದಾನೆ, ಅದಕ್ಕೆ ಒಂದು. ಗ್ರೋಸರಿ ಅಂಗಡಿಯ ಮಲಯಾಳಿಯ ಭಾವ ಮಲಗಾದಲ್ಲಿ ಹೋಟೆಲಿನಲ್ಲಿದ್ದಾನಂತೆ, ಅದಕ್ಕೆ ಒಂದು. ರೋಂಡಾದಲ್ಲಿ ಕಣಿವೆಯ ಮೇಲೆ ಸೇತುವೆ ಉಂಟಂತೆ. ಕಾದಿಸ್‌ನಲ್ಲಿ ಸಮುದ್ರ ಉಂಟಂತೆ. (ಸಮುದ್ರ ನೋಡಲು ಉಳ್ಳಾಲದ ಕಡಲಿಗೆ ಒಂದು ಬಸ್ಸಿನ ದೂರದವನು ಸ್ಪೇನಿಗೆ ಹೋಗಬೇಕೇ ಎಂದು ಕೇಳಿ ಇನ್ನೊಮ್ಮೆ ನಗು ಕಳೆದುಕೊಂಡೆ.) ಗ್ರನಾಡಾಕ್ಕೆ ಒಂದು. ವಿಮಾನ ಹಿಡಿಯಲು ಮಡ್ರಿಡಿಗೆ ಒಂದು.

ಏಳು ರಾತ್ರಿ, ಏಳು ಊರು, ಏಳು ತಲೆದಿಂಬು. ಯಾವ ಊರಿಗೂ ಅನ್ಯಾಯವಿಲ್ಲ. ಅಶ್ರಫಾಕನಿಗೆ ಬಹಳ ಸಮಾಧಾನವಾಯಿತು.

ನಗಬೇಡಿ. ಗಲ್ಫಿನವರಿಗೆ ರಾತ್ರಿ ಎಂದರೆ ಹೀಗೇ ಗೊತ್ತಿರುವುದು. ರಜೆಯಲ್ಲಿ ಊರಿಗೆ ಹೋದವನು ಎಲ್ಲೆಲ್ಲಿ ಮಲಗಿದ ಎನ್ನುವುದರ ಮೇಲೆ ಅವನ ಗುಣ ನಿರ್ಧಾರವಾಗುತ್ತದೆ. ಅಕ್ಕನ ಮನೆಯಲ್ಲಿ ಒಂದು ರಾತ್ರಿ, ತಂಗಿಯ ಮನೆಯಲ್ಲಿ ಒಂದು, ಹೆಂಡತಿಯ ತಾಯಿಮನೆಯಲ್ಲಿ ಒಂದು, ಪೇಟೆಯಲ್ಲಿ ಹೊಸ ಮನೆ ಕಟ್ಟಿದ ಚಿಕ್ಕಪ್ಪನ ಮಗನಲ್ಲಿ ಒಂದು. ಹಗಲು ಬಂದು ಹೊಟ್ಟೆ ತುಂಬ ಉಂಡು ಹೋದರೆ ಅದು ಬಂದ ಲೆಕ್ಕಕ್ಕೇ ಇಲ್ಲ. ಮಲಗಿ ಎದ್ದರೆ ಮಾತ್ರ ಬಂದ ಹಾಗೆ. ಕಿನ್ನಿಗೋಳಿಯ ನನ್ನ ಸೋದರತ್ತೆ ಎರಡು ವರ್ಷದಿಂದ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಅಪರಾಧ? ಅವರ ಮನೆಯಲ್ಲಿ ಹತ್ತು ನೀರುದೋಸೆ ತಿಂದು, ಮಲಗಲು ಗೆಳೆಯನ ಮನೆಗೆ ಹೋದದ್ದು.

ಈ ಹಂಚಿಕೆಯಲ್ಲಿ ಸೂಟ್‌ಕೇಸು ಪೂರ್ತಿ ತೆರೆಯುವುದೇ ಇಲ್ಲ. ಮೇಲಿನ ಎರಡು ಅಂಗಿ ತೆಗೆ, ಮತ್ತೆ ಮುಚ್ಚು. ಒಂದು ತಿಂಗಳ ರಜೆ ಮುಗಿಯುತ್ತದೆ. ಕೆಳಗಿನ ಅಂಗಿಗಳು ಇಸ್ತ್ರಿ ಕೆಡದೆ ದೋಹಾಕ್ಕೆ ವಾಪಸು ಬರುತ್ತವೆ.

ರೋಸ್ಟರ್ ತೋರಿಸಲು ಒಂದು ಶುಕ್ರವಾರ ಅವರ ಮನೆಗೆ ಊಟಕ್ಕೆ ಹೋದೆ. ಸಫಿಯಕ್ಕ ಅಕ್ಕಿಯ ಪುಂಡಿ ಉಂಡೆ, ಕೋಳಿ ಸಾರು ಮಾಡಿದ್ದರು. ಏಳು ಊರುಗಳನ್ನು ಓದಿ ಹೇಳಿದೆ. ಸಫಿಯಕ್ಕ ನನ್ನ ತಟ್ಟೆಗೆ ಇನ್ನೆರಡು ಪುಂಡಿ ಹಾಕಿದರು. ಮೌನ ಕಂಡರೆ ನನಗೆ ಕಾಯಿಲೆ. ಮೌನವಾದಲ್ಲೆಲ್ಲ ಎದ್ದು ನಿಂತು ಯಾರದಾದರೂ ಮಿಮಿಕ್ರಿ ಮಾಡಿಬಿಡುತ್ತೇನೆ. ಅಂದು ಸಿಕ್ಕಿದ್ದು ಮನೆಯ ಯಜಮಾನರೇ.

ರಜೆಯಲ್ಲಿ ಅಕ್ಕನ ಮನೆಗೆ ಹೋದ ಅಶ್ರಫಾಕ, ಅವರೇ ಕ್ಯಾಂಟೀನಿನಲ್ಲಿ ಹೇಳಿದ ಹಾಗೆ. ಬಾಗಿಲಲ್ಲಿ ಒಂದು ಚಪ್ಪಲಿ ಬಿಚ್ಚಿ, ಇನ್ನೊಂದು ಕಾಲಲ್ಲೇ ಇಟ್ಟುಕೊಂಡು ನಿಲ್ಲುವುದು. ಬಾಗಿಲ ಚೌಕಟ್ಟಿಗೆ ಒಂದು ಕೈ. ಇನ್ನೊಂದು ಕೈಯ ವಾಚು ನೋಡುವುದು. ಅದು ಇನ್ನೂ ಕತಾರಿನ ಸಮಯ ತೋರಿಸುತ್ತಿದೆ. ಆಮೇಲೆ ಮೂಗಿನಿಂದ ಬರುವ ಆ ಮೆತ್ತನೆಯ ಸ್ವರ: "ಈ ಸಲ ಆಗುದಿಲ್ಲ ಅಕ್ಕ. ಬರುವ ಸಲ ಖಂಡಿತ ನಿಲ್ತೇನೆ."

ಅಶ್ರಫಾಕನೇ ಕೆಮ್ಮುವಷ್ಟು ನಕ್ಕರು. ಸಫಿಯಕ್ಕ ಅವರಿಗಿಂತ ಹೆಚ್ಚು ನಕ್ಕರು. ಕಣ್ಣು ಒರೆಸಿಕೊಂಡು, ಇನ್ನೊಮ್ಮೆ ಮಾಡು ಎಂದರು. ಮಾಡಿದೆ. ಕಲಾವಿದನಿಗೆ ಇನ್ನೇನು ಬೇಕು?

"ಈಗ ಇವರು ನಮ್ಮ ಮನೆಯಿಂದ ಹೊರಡುದನ್ನು ಮಾಡು," ಎಂದರು ಸಫಿಯಕ್ಕ. "ರಜೆ ಮುಗ್ದು ಹೋಗುದು."

ನಾನು ಹಾಗೇ ನಿಂತೆ. ಅದನ್ನು ನಾನು ಕಂಡಿಲ್ಲ, ಅವರು ಹೇಳಿಯೂ ಇಲ್ಲ. ನನಗೆ ಗೊತ್ತಿರುವುದು ಇಲ್ಲಿಗೆ ಬಂದಿಳಿದ ಅಶ್ರಫಾಕ ಮಾತ್ರ.

"ಗೊತ್ತಿಲ್ವಾ? ನಾನು ಮಾಡ್ತೇನೆ ನೋಡು."

ಅವರು ಎದ್ದರು. ಎಡಗೈಯಲ್ಲಿ ಇಲ್ಲದ ಸೂಟ್‌ಕೇಸು ಹಿಡಿದರು. ಬಲಗೈಯಿಂದ ಎದೆಯ ಜೇಬು ಮುಟ್ಟಿ ನೋಡಿದರು: ಪಾಸ್‌ಪೋರ್ಟ್. ಬದಿಯ ಜೇಬು: ಟಿಕೆಟ್. ಮತ್ತೆ ಎದೆಯ ಜೇಬು. ತಲೆಯೆತ್ತಿ ಗೋಡೆ ನೋಡಿದರು, ಫ್ಯಾನ್ ನೋಡಿದರು, ನಾನಿದ್ದ ಕಡೆಗೂ, ಅಲ್ಲಿ ಹೆಂಡತಿ ನಿಂತಿದ್ದಾಳೆ ಎನ್ನುವ ಹಾಗೆ, ಒಮ್ಮೆ ನೋಡಿದರು, ಆದರೆ ನನ್ನನ್ನಲ್ಲ. ಇನ್ನೊಮ್ಮೆ ಪಾಸ್‌ಪೋರ್ಟ್ ಮುಟ್ಟಿಕೊಂಡು, ಬಾಗಿಲಿನಿಂದ ಅಡುಗೆಮನೆಯ ಕಡೆ ಹೊರಟುಹೋದರು.

"ಅಷ್ಟೇ," ಎಂದರು ಒಳಗಿನಿಂದ.

ಆ ಮನೆಯಲ್ಲಿ ನಾನು ಎರಡನೇ ದರ್ಜೆಯ ಮಿಮಿಕ್ರಿಯವನು ಎಂದು ಅಂದು ಗೊತ್ತಾಯಿತು. ಅಶ್ರಫಾಕ ಕಿತ್ತಳೆ ಸುಲಿಯತೊಡಗಿದರು. ಸುಲಿದದ್ದನ್ನು ತಿನ್ನಲಿಲ್ಲ.

ಸಫಿಯಕ್ಕ ಚಹಾ ತಂದಿಟ್ಟು ಹೇಳಿದ್ದು ಇಷ್ಟು. ಅವರಿಗೆ ಏಳು ಊರು ಬೇಡ. ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದಾರೆ. ಗ್ರನಾಡಾದ ಹಳೆಯ ಕೇರಿ, ಬಿಳಿ ಮನೆಗಳು, ಒಂದು ಕಿಟಕಿ. ಕಿಟಕಿಯಿಂದ ನೋಡಿದರೆ ಎದುರಿನ ಗುಡ್ಡದ ಮೇಲೆ ಅಲ್‌ಹಂಬ್ರಾ ಅರಮನೆ. ಅರಮನೆಯ ಒಳಗೆ ಹೋಗದಿದ್ದರೂ ಅಡ್ಡಿಯಿಲ್ಲ. ಆ ಕಿಟಕಿಯ ಹತ್ತಿರ ಇಬ್ಬರೂ ಕುಳಿತು ಚಹಾ ಕುಡಿಯಬೇಕು. ಸೂಟ್‌ಕೇಸು ಖಾಲಿ ಮಾಡಿ ಬಟ್ಟೆಯನ್ನೆಲ್ಲ ಕಪಾಟಿನಲ್ಲಿ ತೂಗಿಹಾಕಬೇಕು. ಮರುದಿನ ಎದ್ದರೆ ಅದೇ ಕೋಣೆ, ಅದರ ಮರುದಿನವೂ ಅದೇ. ಮತ್ತೆಂತ ಬೇಡ.

ಮೆಸಯೀದಿನಲ್ಲೇ ಅದು ಸಿಕ್ಕುವುದಿಲ್ಲವೇ ಎಂದು ನೀವು ಕೇಳಬಹುದು. ಸಿಕ್ಕುವುದಿಲ್ಲ, ನನ್ನನ್ನೇ ಕೇಳಿ. ಅವರಿಗೆ ರಾತ್ರಿ ಡ್ಯೂಟಿಯ ಬಣ್ಣ ತುಂಬುವವನು ನಾನೇ ತಾನೆ? ಒಬ್ಬರು ಎದ್ದು ಹಲ್ಲುಜ್ಜುವಾಗ ಇನ್ನೊಬ್ಬರು ಬೂಟು ಬಿಚ್ಚುತ್ತಿರುತ್ತಾರೆ. ಆಫ್ ಇದ್ದ ದಿನ ಅಶ್ರಫಾಕ ಪರದೆ ಎಳೆದು ಮಲಗಿರುತ್ತಾರೆ, ಸಫಿಯಕ್ಕ ಕುಕ್ಕರ್ ಕೂಗದ ಹಾಗೆ ಅಡುಗೆ ಮಾಡುತ್ತಿರುತ್ತಾರೆ.

ಸರಿ, ಖಲಾಸ್. ನಾನು ಹೊಸ ರೋಸ್ಟರ್ ಮಾಡಿದೆ. ಮಡ್ರಿಡಿನಲ್ಲಿ ಇಳಿದ ದಿನವೇ ರೈಲು ಹಿಡಿದು ಗ್ರನಾಡಾ. ಕೊನೆಯದೊಂದು ರಾತ್ರಿ ಬಿಟ್ಟು ಉಳಿದ ಎಲ್ಲವೂ ಗ್ರನಾಡಾಕ್ಕೆ. ಅಶ್ರಫಾಕ ಕೊರ್ಡೋಬಾಕ್ಕಾಗಿ ಒಂದು ಕೊನೆಯ ಪ್ರಯತ್ನ ಮಾಡಿದರು: ಬೆಳಿಗ್ಗೆ ಹೋಗಿ ಸಂಜೆ ಬಂದರೆ? ಸಫಿಯಕ್ಕ ಅವರ ಮುಖ ನೋಡಿದರು. ಮಿಸ್ರಿ ಸೂಪರ್‌ವೈಸರನ ಹತ್ತಿರ ತಾನೇ ಮಾತಾಡುವುದಾಗಿ ಅಶ್ರಫಾಕ ಒಪ್ಪಿಕೊಂಡರು.

ಆಮೇಲಿನ ಒಂದೆರಡು ವಾರ ಸಫಿಯಕ್ಕ ನನಗೆ ವಾಯ್ಸ್ ಮೆಸೇಜ್ ಕಳಿಸಿದ್ದೇ ಕಳಿಸಿದ್ದು. ಅಲ್ಲಿ ಚಳಿ ಉಂಟಾ? ನಮ್ಮ ಚಹಾಪುಡಿ ತಕ್ಕೊಂಡು ಹೋಗ್ಬಹುದಾ? ಕಿಟಕಿ ಇರುವ ಒಂದು ಚಿಕ್ಕ ಅಪಾರ್ಟ್‌ಮೆಂಟ್ ಹುಡುಕಿ ಬುಕ್ ಮಾಡಿದೆ, ಬೇಡವಾದರೆ ಕ್ಯಾನ್ಸಲ್ ಮಾಡಬಹುದಾದಂಥದ್ದು. ಕಪಾಟಿನಲ್ಲಿ ಹ್ಯಾಂಗರ್ ಉಂಟಾ ಕೇಳು ಎಂದರು. ನನಗೆ ನಾಚಿಕೆ. ಆದರೂ ಕೇಳಿದೆ. ಸ್ಪೇನಿನ ಮನೆಯೊಡತಿ ಕಪಾಟು ತೆರೆದು ಫೋಟೋ ತೆಗೆದು ಕಳಿಸಿದಳು. ಮರದ ಹ್ಯಾಂಗರುಗಳು, ಸಾಲಾಗಿ. ಆ ಫೋಟೋವನ್ನು ಸಫಿಯಕ್ಕ ಮಗಳಿಗೂ ಫಾರ್ವರ್ಡ್ ಮಾಡಿದರಂತೆ. ಅಲ್‌ಹಂಬ್ರಾದ್ದಲ್ಲ, ಹ್ಯಾಂಗರಿನದ್ದು.

ಉಳಿದಿದ್ದು ವೀಸಾ. ಅದಕ್ಕೆ ಕಂಪೆನಿಯ ರಜೆ ಪತ್ರ ಬೇಕು. ರಜೆ ಸ್ಯಾಂಕ್ಷನ್ ಆದ ಕೂಡಲೇ ರೋಸ್ಟರಿನಲ್ಲಿ ಹಸಿರು ಬಣ್ಣ ತುಂಬಿ, ಅಶ್ರಫಾಕನಿಗೆ ವಿಮಾನದ ಚಿತ್ರ ಕಳಿಸಿದೆ. ಅವರು ಡ್ಯೂಟಿ ಮುಗಿಸಿ ಕಂಪೆನಿ ಬಸ್ಸಿನಲ್ಲಿದ್ದರು.

ಬಸ್ಸಿನಿಂದಲೇ ಅವರು ಒಂದು ಫೋನ್ ಮಾಡಿದರು. ಊರಿಗೆ, ಅಕ್ಕನಿಗೆ.

"ಲೀವ್ ಆಯ್ತು" ಎಂದು, ತಾರೀಕು ಅಷ್ಟೇ ಹೇಳಿದ್ದಂತೆ. ಸ್ಪೇನ್ ಎನ್ನಲಿಲ್ಲ. ಮನೆಗೆ ಹೋದವರು ಸಫಿಯಕ್ಕನಿಗೂ ಹೇಳಲಿಲ್ಲ. ವೀಸಾ ಆದ ಮೇಲೆ ಎಲ್ಲವನ್ನೂ ಒಟ್ಟಿಗೆ ಹೇಳಿ ಖುಷಿಪಡಿಸುವ ಯೋಚನೆ. ಊಟ ಮಾಡಿ ಮಲಗಿದರು. ಮರುದಿನ ಮತ್ತೆ ಡ್ಯೂಟಿ.

ಈಗ ನಮ್ಮ ಕರಾವಳಿಯ ಇನ್ನೊಂದು ಪದ್ಧತಿ ನೆನಪು ಮಾಡಿಕೊಳ್ಳಿ. ಮದುವೆಯ ತಾರೀಕನ್ನು ನಾವು ಹೇಗೆ ಇಡುತ್ತೇವೆ? ಹುಡುಗ ಹುಡುಗಿಯನ್ನು ಕೇಳಿಯೇ? ಹಾಲ್ ಖಾಲಿ ಇದೆಯೇ ಎಂದು ನೋಡಿಯೇ? ಅದೆಲ್ಲ ಆಮೇಲೆ. ಮೊದಲು ಗಲ್ಫಿನಲ್ಲಿರುವ ಸೋದರಮಾವನ ರಜೆ ಯಾವಾಗ ಎಂದು ನೋಡುತ್ತೇವೆ. ಅಕ್ಕನ ಮಗನಿಗೆ ಹೆಣ್ಣು ನಿಶ್ಚಯವಾಗಿ ತಿಂಗಳುಗಳಾಗಿದ್ದವು. ಮಾವನ ರಜೆಯೊಂದು ಗೊತ್ತಾಗದೆ ಎಲ್ಲರೂ ಕಾದಿದ್ದರು. ಈಗ ಗೊತ್ತಾಯಿತು. ಹಾಲಿನವರನ್ನು ಕೇಳಿದರು, ಹೆಣ್ಣಿನ ಮನೆಯವರನ್ನು ಕೇಳಿದರು, ಅಶ್ರಫಾಕನ ಆ ವಾರದ ನಟ್ಟನಡುವೆ ತಾರೀಕು ಇಟ್ಟುಬಿಟ್ಟರು. ಪ್ರೀತಿಯಿಂದ ಇಟ್ಟರು. ಅಕ್ಕನೇ ಸಾಕಿ ಬೆಳೆಸಿದ ತಮ್ಮ. ಅವನಿಲ್ಲದೆ ಅವಳಿಗೆ ಮಗನ ಮದುವೆ ಹೇಗೆ ಸಾಧ್ಯ?

ಮರುದಿನ ಸಂಜೆ ಅಕ್ಕ ಫೋನ್ ಮಾಡಿದ್ದು ಸಫಿಯಕ್ಕನಿಗೆ. ಸಿಹಿಸುದ್ದಿ ಹೇಳಲು. ಗಂಡನಿಗೆ ರಜೆ ಸಿಕ್ಕಿದೆ ಎನ್ನುವುದು ಸಫಿಯಕ್ಕನಿಗೆ ಗೊತ್ತಾದದ್ದು ಹಾಗೆ. ರಜೆಯೂ, ಅದು ಮುಗಿದುಹೋದದ್ದೂ, ಒಂದೇ ಫೋನಿನಲ್ಲಿ.

ನಾನು ಅವರಲ್ಲಿಗೆ ಹೋದಾಗ ಅಶ್ರಫಾಕ ಸೋಫಾದ ತುದಿಯಲ್ಲಿ ಕುಳಿತಿದ್ದರು, ಬೇರೆ ಯಾರದೋ ಮನೆಗೆ ಬಂದವರ ಹಾಗೆ. ಸಫಿಯಕ್ಕ ಬಟ್ಟೆ ಮಡಚುತ್ತಿದ್ದರು. ಅಕ್ಕನಿಗೆ ಯಾಕೆ ಹೇಳಿದಿರಿ ಎಂದು ನಾನೇ ಕೇಳಿಬಿಟ್ಟೆ. ಸಫಿಯಕ್ಕ ಅದನ್ನು ಕೇಳಿಯೇ ಇರಲಿಲ್ಲವಂತೆ.

"ಬಾಯಿಗೆ ಬಂತು ಮಾರಾಯ," ಎಂದರು ಅಶ್ರಫಾಕ. "ಇಷ್ಟು ವರ್ಷ ಲೀವ್ ಆದ ಕೂಡಲೇ ಅಕ್ಕನಿಗೇ ಫೋನ್ ಮಾಡುದಲ್ವಾ. ಕೈಗೆ ಅಭ್ಯಾಸ ಆಗಿದೆ."

ಸ್ಪೇನಿಗೆ ಹೋಗುತ್ತೇವೆ ಎಂದಾದರೂ ಹೇಳಬಾರದಿತ್ತೇ?

ಅವರು ಧ್ವನಿ ತಗ್ಗಿಸಿದರು, ಪಕ್ಕದಲ್ಲೇ ಕುಳಿತ ಹೆಂಡತಿಗೆ ಕೇಳಬಾರದು ಎನ್ನುವ ಹಾಗೆ. "ಈ ವಯಸ್ಸಲ್ಲಿ ಹೆಂಡತಿಯನ್ನು ಕರ್ಕೊಂಡು ತಿರುಗ್ಲಿಕ್ಕೆ ಹೋಗ್ತೇನೆ ಅಂತ ಅಕ್ಕನ ಹತ್ರ ಹೇಗೆ ಹೇಳುದು? ನಾಚಿಕೆ ಆಯ್ತು."

ನಾಚಿಕೆ! ಪೆಟ್ರೋಕೆಮಿಕಲ್ ಪ್ಲಾಂಟಿನಲ್ಲಿ ಕುದಿಯುವ ಪೈಪುಗಳ ನಡುವೆ ಆಯುಷ್ಯ ಸವೆಸಿದ ಮನುಷ್ಯ. ಹೆಂಡತಿಯ ಜೊತೆ ಒಂದು ಕಿಟಕಿಯ ಪಕ್ಕ ಕುಳಿತುಕೊಳ್ಳುತ್ತೇನೆ ಎನ್ನಲು ನಾಚಿಕೆ. ಅವರ ಆ ಸ್ವರವನ್ನು ನಾನು ಸಾವಿರ ಸಲ ಅನುಕರಿಸಿದ್ದೇನೆ. ಅಂದು ಮಾಡಲಿಲ್ಲ.

ರೋಸ್ಟರಿನವನಿಗೆ ಸಹಜವಾಗಿ ನಾನು ಉಪಾಯ ಹುಡುಕಿದೆ. ಮದುವೆ ಮುಂದೆ ಹಾಕಬಹುದೇ? ಶಟ್‌ಡೌನ್ ಮುಗಿಯುವ ಹೊತ್ತಿಗೆ ಮದುಮಗನೇ ಸೌದಿಯ ಜುಬೈಲಿಗೆ ಕೆಲಸಕ್ಕೆ ವಾಪಸು ಹೋಗಬೇಕು. ಅವನ ರಜೆಯೂ ಅಷ್ಟೇ. ಅಶ್ರಫಾಕ ಮದುವೆಗೆ ಎರಡು ದಿನ ಮುಖ ತೋರಿಸಿ, ಮಿಕ್ಕ ದಿನ ಸ್ಪೇನ್? ಅಷ್ಟು ಹೊತ್ತು ವಿಮಾನದಲ್ಲೇ ಕಳೆದರೆ ಇಳಿಯುವುದು ಯಾವಾಗ? ಅಕ್ಕನಿಗೆ ಈಗಲೇ ನಿಜ ಹೇಳಿಬಿಡೋಣ ಎಂದೆ. ಫೋನ್ ಕೊಡಿ, ಅಶ್ರಫಾಕನ ಸ್ವರದಲ್ಲಿ ನಾನೇ ಹೇಳುತ್ತೇನೆ ಎಂದೆ. (ನಾನು ಹೇಳುತ್ತಿದ್ದೆ. ಮಾಡಿಯೂ ಬಿಡುತ್ತಿದ್ದೆ.)

ಸಫಿಯಕ್ಕ ತಲೆಯಾಡಿಸಿದರು. "ಬೇಡ ಪ್ರಜ್ವಲ್. ಅವ್ರು ತುಂಬ ಖುಷಿಯಲ್ಲಿದ್ದಾರೆ."

ಆಮೇಲೆ ಊರಿನ ಏಳು ರಾತ್ರಿಗಳ ವ್ಯವಸ್ಥೆಯನ್ನು ಅವರೇ ನನಗೆ ವಿವರಿಸಿದರು. ಅಕ್ಕ ಎಲ್ಲವನ್ನೂ ಯೋಚಿಸಿಟ್ಟಿದ್ದರಂತೆ. ಮದುವೆಮನೆ ತುಂಬ ಜನ. ಹೆಂಗಸರೆಲ್ಲ ಮಾಳಿಗೆಯ ಕೋಣೆಯಲ್ಲಿ, ಚಾಪೆ ಹಾಸಿ. ಗಂಡಸರೆಲ್ಲ ಪಕ್ಕದ ಮನೆಯ ತಾರಸಿಯಲ್ಲಿ. ಮದರಂಗಿಯ ರಾತ್ರಿ ಯಾರೂ ಮಲಗುವುದಿಲ್ಲ. ಮದುವೆಯ ಮರುದಿನ ಹೆಣ್ಣಿನ ಮನೆಗೆ. ಉಳಿದದ್ದು ನೆಂಟರ ಮನೆಗಳಿಗೆ. ಸೂಟ್‌ಕೇಸು ಅಕ್ಕನ ಮನೆಯ ಮಂಚದಡಿ.

ಗಂಡ ಹೆಂಡತಿ ಒಂದೇ ಕೋಣೆಯಲ್ಲಿರುವ ರಾತ್ರಿ ಎಷ್ಟು ಎಂದು ನಾನು ಬಾಯ್ತಪ್ಪಿ ಕೇಳಿದೆ.

"ವಿಮಾನದಲ್ಲಿ ಪಕ್ಕದ ಸೀಟು ಸಿಕ್ಕಿದ್ರೆ ಅದೇ," ಎಂದು ಹೇಳಿ ಸಫಿಯಕ್ಕ ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು.

ಅಶ್ರಫಾಕ ಕೇಳಿದರು, "ನಾನು ಮೋಸ ಮಾಡಿದೆನಾ ಮಾರಾಯ?" ಅಕ್ಕ ಕೆಟ್ಟವಳಲ್ಲ, ತಮ್ಮ ಕೆಟ್ಟವನಲ್ಲ, ಮದುವೆಯಾಗುವ ಹುಡುಗನಿಗೆ ಸ್ಪೇನ್ ಎಲ್ಲಿದೆ ಎಂದೇ ಗೊತ್ತಿಲ್ಲ. ಬೈಯೋಣ ಎಂದರೆ ಒಬ್ಬರೂ ಸಿಕ್ಕುವುದಿಲ್ಲ. ಇದಕ್ಕಿಂತ ಬೇಸರದ ಸಂಗತಿ ಇನ್ನೇನಿದೆ?

ಅಪಾರ್ಟ್‌ಮೆಂಟ್ ಕ್ಯಾನ್ಸಲ್ ಮಾಡಬೇಕಿತ್ತು. ಬುಕ್ ಮಾಡಿದ್ದು ನನ್ನ ಫೋನಿನಿಂದ. ಮರುವಾರ ಅಶ್ರಫಾಕ ಡ್ಯೂಟಿಯಲ್ಲಿದ್ದಾಗ ಸಫಿಯಕ್ಕ ನನ್ನನ್ನು ಕರೆದರು. ತಾನು ನೋಡುತ್ತಿರುವಾಗಲೇ ಮಾಡು ಎಂದರು. ಮಧ್ಯಾಹ್ನದ ಹೊತ್ತು. ಕಿಟಕಿಯ ಆಚೆ ಬಿಸಿಲು, ಧೂಳು, ದೂರದಲ್ಲಿ ಪ್ಲಾಂಟಿನ ಚಿಮಣಿಯ ಬೆಂಕಿ. ಹಗಲಲ್ಲಿ ಆ ಬೆಂಕಿಗೆ ಬಣ್ಣವೇ ಇರುವುದಿಲ್ಲ.

ನಾನೊಂದು ತಮಾಷೆ ಸಿದ್ಧ ಮಾಡಿಕೊಂಡು ಹೋಗಿದ್ದೆ. ಸ್ಪೇನಿನ ಮನೆಯೊಡತಿ ಗೋಳೋ ಎಂದು ಅಳುವುದು, ಹ್ಯಾಂಗರುಗಳನ್ನು ಎದೆಗೊತ್ತಿಕೊಂಡು. ಸಫಿಯಕ್ಕನ ಮುಖ ನೋಡಿ ನುಂಗಿಕೊಂಡೆ.

ಕ್ಯಾನ್ಸಲ್ ಎಂದು ಒತ್ತಿದರೆ ಆ ವೆಬ್‌ಸೈಟು ಸುಮ್ಮನೆ ಬಿಡುವುದಿಲ್ಲ, ಕಾರಣ ಕೇಳುತ್ತದೆ. ಓದಿ ಹೇಳು ಎಂದರು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ತಾರೀಕು ಬದಲಾಗಿದೆ. ಬೇರೆ ಊರಿಗೆ ಹೋಗುತ್ತಿದ್ದೇವೆ. ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕಿದೆ. ಪ್ರಯಾಣಿಕರ ಸಂಖ್ಯೆ ಬದಲಾಗಿದೆ.

ಮೊದಲನೆಯದನ್ನು ಒತ್ತಲು ಬೆರಳು ತಂದೆ. ತಾರೀಕು ಬದಲಾಗಿದೆ ಎಂದರೆ ಮುಂದೆಂದಾದರೂ ಹೋಗಬಹುದು ಎಂದಾಗುತ್ತದಲ್ಲ.

ಸಫಿಯಕ್ಕ ನನ್ನ ಬೆರಳನ್ನು ಪಕ್ಕಕ್ಕೆ ಸರಿಸಿದರು.

"ಕೊನೆದು ಒತ್ತು," ಎಂದರು. "ನಾವು ಇಬ್ಬರು ಅಂತ ಹಾಕಿದ್ದಲ್ವಾ ನೀನು? ನಾವು ಇಬ್ಬರೇ ಯಾವಾಗ ಇದ್ದೆವು?"

ಒತ್ತಿದೆ.

ಅವರಿಬ್ಬರೂ ಊರಿಗೆ ಹೊರಟು ಹೋಗಿ ಮೂರು ದಿನವಾಯಿತು. ರೋಸ್ಟರಿನಲ್ಲಿ ಅಶ್ರಫಾಕನ ಸಾಲು ಹಸಿರಾಗಿಯೇ ಇದೆ, ನಾನು ತುಂಬಿದ ಹಾಗೆ. ಸ್ಪೇನಿಗೂ ಅದೇ ಬಣ್ಣ, ಮದುವೆಮನೆಯ ತಾರಸಿಗೂ ಅದೇ ಬಣ್ಣ. ಕಂಪ್ಯೂಟರಿಗೆ ಇಷ್ಟೇ ತಿಳಿಯುವುದು.

ಅಂದಹಾಗೆ, ನಿಮ್ಮ ರಜೆ ಸ್ಯಾಂಕ್ಷನ್ ಆದ ದಿನ ನೀವು ಮೊದಲ ಫೋನ್ ಮಾಡುವುದು ಯಾರಿಗೆ?